ಮಂತ್ರಾಲಯದ ಮನ್ರೋ ಯಾವ ಊರಿನವನು?

ಪ್ರಶ್ನೆ: ಡೊಂಬಿವಲಿಯ ನಮ್ಮ ಕಟ್ಟಡದಲ್ಲಿ ಪ್ರತಿ ವರ್ಷ ರಾಯರ ಆರಾಧನೆಯ ದಿನ ಪ್ರವಚನವಿರುತ್ತದೆ. ಮಠದ ಭೂಮಿಯ ವಿಚಾರಣೆಗೆಂದು ಮಂತ್ರಾಲಯಕ್ಕೆ ಹೋದ ಕಲೆಕ್ಟರ್ ಥಾಮಸ್ ಮನ್ರೋನೊಡನೆ ಗುರುಗಳು ಬೃಂದಾವನದಿಂದಲೇ ಮಾತನಾಡಿದ ಕಥೆ ಅದರಲ್ಲಿ ತಪ್ಪದೆ ಬರುತ್ತದೆ. ಈ ಬಾರಿ ಅದನ್ನು ಕೇಳಿದ ನನ್ನ ಮೊಮ್ಮಗಳು, “ಅಜ್ಜಾ, ಅಮೆರಿಕದ ಅಧ್ಯಕ್ಷ ಮನ್ರೋ, ನಟಿ ಮರ್ಲಿನ್ ಮನ್ರೋ, ಕೆನಡಾದ ಲೇಖಕಿ ಆಲಿಸ್ ಮನ್ರೋ, ಇವರೆಲ್ಲ ಇದೇ ಮನೆತನದವರೇ?” ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಈ ಹೆಸರು ಯಾವ ಊರಿನದು, ಇಷ್ಟು ಕಡೆ ಹೇಗೆ ಹರಡಿತು ಎಂಬುದನ್ನು ದಯವಿಟ್ಟು ತಿಳಿಸಿ.
— ಹಿರಿಯ ಓದುಗರೊಬ್ಬರು, ಡೊಂಬಿವಲಿ

ಉತ್ತರ: ಈ ಎಲ್ಲರ ಹೆಸರೂ ಒಂದೇ ನೆಲದಿಂದ ಹೊರಟದ್ದು; ಆದರೆ ಹೆಸರು ಒಂದೇ ಆದ ಮಾತ್ರಕ್ಕೆ ಮನೆತನವೂ ಒಂದೇ ಎನ್ನಲು ಬರುವುದಿಲ್ಲ.

ಆ ನೆಲ ಸ್ಕಾಟ್ಲೆಂಡಿನ ಉತ್ತರ ಭಾಗದಲ್ಲಿ, ಇನ್ವರ್ನೆಸ್ ಪಟ್ಟಣದಿಂದ ಇನ್ನೂ ಉತ್ತರಕ್ಕೆ, ಕ್ರೊಮಾರ್ಟಿ ಎಂಬ ಕಡಲ ಚಾಚಿನ ವಾಯವ್ಯ ದಡದಲ್ಲಿದೆ. ರಾಸ್ ಸೀಮೆಯ ಪೂರ್ವಕ್ಕೆ ಸೇರಿದ ಈ ಪಟ್ಟಿಯನ್ನು ಹಿಂದಿನವರು ಫೆರಿನ್‌ಡೊನಾಲ್ಡ್, ಅಂದರೆ ಡೊನಾಲ್ಡನ ಭೂಮಿ, ಎಂದು ಕರೆಯುತ್ತಿದ್ದರು. ಒಂದು ಕಡೆ ಫಲವತ್ತಾದ ಬಯಲು, ಇನ್ನೊಂದು ಕಡೆ ಬೆನ್ ವಿವಿಸ್ ಎಂಬ ದಪ್ಪ ಬೆಟ್ಟ, ನಡುವೆ ಮನ್ರೋ ಕುಲದ ನಾಯಕರ ಫೌಲಿಸ್ ಕೋಟೆ. 14ನೆಯ ಶತಮಾನದ ದಾಖಲೆಗಳಲ್ಲಿಯೇ ಅವರು ಈ ಸೀಮೆಯಲ್ಲಿ ಕಾಣಿಸಿಕೊಳ್ಳುತ್ತಾರೆ. ನಡುಬೇಸಿಗೆಯಲ್ಲಿ ದೊರೆ ಕೇಳಿದರೂ ಒಂದು ಹಿಮದ ಉಂಡೆಯನ್ನು ತಂದೊಪ್ಪಿಸಬೇಕು, ಅದೇ ಈ ಭೂಮಿಯ ಗೇಣಿ ಎಂಬ ಐತಿಹ್ಯ ಅಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಬರುತ್ತಿದೆ. ಬೆನ್ ವಿವಿಸ್‌ನ ನೆರಳಿನ ಕೊರಕಲುಗಳಲ್ಲಿ ಹಿಮ ಬಹುಕಾಲ ಕರಗದೆ ಉಳಿಯುತ್ತಿದ್ದುದರಿಂದ ಈ ಗೇಣಿ ಮನ್ರೋಗಳಿಗೆ ಭಾರವಾಗಿರಲಾರದು. “ಫೌಲಿಸ್ ಕೋಟೆಗೆ ಬೆಂಕಿ ಬಿದ್ದಿದೆ” ಎಂಬುದು ಅವರ ಯುದ್ಧಘೋಷ. ಕೋಟೆಯ ಮೇಲೆ ಬೆಂಕಿ ಹೊತ್ತಿಸಿ ಕುಲದವರನ್ನು ಕೂಡಿಸುತ್ತಿದ್ದುದರ ನೆನಪು ಅದರಲ್ಲಿದೆ.

ಇನ್ನು ಹೆಸರಿನ ಅರ್ಥ. ಗೇಲಿಕ್ ಭಾಷೆಯಲ್ಲಿ ಈ ಕುಲದವನನ್ನು ‘ರೋಹಖ್’ ಎನ್ನುತ್ತಾರೆ, ಅಂದರೆ ‘ರೋ’ ಎಂಬಲ್ಲಿಯವನು. ಐರ್ಲೆಂಡಿನ ಉತ್ತರದಲ್ಲಿ ಫಾಯ್ಲ್ ಎಂಬ ಕೊಲ್ಲಿಗೆ ಬಂದು ಸೇರುವ ರೋ ಎಂಬ ಹೊಳೆಯಿದೆ. ಇವರ ಪೂರ್ವಿಕರು ಆ ಹೊಳೆಯ ಬಾಯಿಂದ ಕಡಲು ದಾಟಿ ಬಂದರೆಂಬುದು ಪರಂಪರೆಯ ವಿವರಣೆ. ಗೇಲಿಕ್ಕಿನ ‘ಬುನ್’ ಎಂದರೆ ಬುಡ, ಹೊಳೆಯ ವಿಷಯದಲ್ಲಿ ನಮ್ಮ ಕರಾವಳಿಯವರು ಹೇಳುವ ಅಳಿವೆ. ‘ಬುನ್-ರೋ’ ಎಂಬುದೇ ‘ಮುನ್ರೋ’ ಆಯಿತಂತೆ. ವಲಸೆಯ ಕಥೆಗೆ ಐತಿಹ್ಯದಾಚೆಗೆ ಗಟ್ಟಿ ಆಧಾರವಿಲ್ಲ. ಆದರೂ ಹೆಸರು ಸ್ಥಳವನ್ನು ಹಿಡಿದು ಹುಟ್ಟಿತು ಎಂಬ ಮಾತು ಮುಂಬಯಿಯಲ್ಲಿ ಬದುಕುವ ನಮಗೆ ಹೊಸದೇನಲ್ಲ. ನಮ್ಮ ನೆರೆಯ ಪುಣೇಕರ್ ಪುಣೆಯಲ್ಲಿ ಒಂದು ದಿನವೂ ಇದ್ದಿರಲಿಕ್ಕಿಲ್ಲ. ಹಟ್ಟಂಗಡಿ, ಮುರ್ಡೇಶ್ವರ, ಹಳದೀಪುರ ಎಂಬ ಅಡ್ಡಹೆಸರಿನವರಲ್ಲಿ ಆ ಊರುಗಳನ್ನು ಕಣ್ಣಾರೆ ಕಾಣದವರು ಎಷ್ಟೋ ಮಂದಿ ದಾದರ್‌ನಲ್ಲಿಯೂ ಸಾಂತಾಕ್ರೂಜಿನಲ್ಲಿಯೂ ಸಿಗುತ್ತಾರೆ.

ಹೀಗಿದ್ದರೂ ಸ್ಕಾಟ್ಲೆಂಡಿನ ಪದ್ಧತಿಯಲ್ಲಿ ಒಂದು ವ್ಯತ್ಯಾಸವಿದೆ, ನಿಮ್ಮ ಪ್ರಶ್ನೆಯ ಗಂಟು ಬಿಚ್ಚುವುದು ಅಲ್ಲಿಯೇ. ಕುಲಕ್ಕೆ ಅವರು ಹೇಳುವ ‘ಕ್ಲ್ಯಾನ್’ ಎಂಬ ಮಾತಿಗೆ ಗೇಲಿಕ್‌ನಲ್ಲಿ ಮಕ್ಕಳು, ಸಂತಾನ ಎಂಬ ಅರ್ಥವಿದ್ದರೂ, ವಾಸ್ತವದಲ್ಲಿ ನಾಯಕನ ಭೂಮಿಯನ್ನು ಗೇಣಿಗೆ ಮಾಡುತ್ತಿದ್ದ, ಯುದ್ಧ ಬಂದಾಗ ಅವನ ಬೆನ್ನಿಗೆ ನಿಲ್ಲುತ್ತಿದ್ದ ರೈತರು, ದನಗಾಹಿಗಳು, ಆಶ್ರಯ ಬೇಡಿ ಬಂದ ಬೇರೆ ಬಣದವರು ಎಲ್ಲರೂ ಕಾಲಕ್ರಮದಲ್ಲಿ ಅವನ ಹೆಸರನ್ನೇ ತಮ್ಮದಾಗಿ ಮಾಡಿಕೊಂಡರು. ಎತ್ತರದ ನಾಡಿನ, ಅಂದರೆ ಸ್ಕಾಟ್ಲೆಂಡಿನ ಉತ್ತರದ ‘ಹೈಲ್ಯಾಂಡ್ಸ್’ ಸೀಮೆಯ, ಸಾಮಾನ್ಯ ಜನರಿಗೆ ಅಲ್ಲಿಯವರೆಗೆ ನಿಂತ ಅಡ್ಡಹೆಸರೇ ಇರಲಿಲ್ಲ. ಇಂಥವನ ಮಗ ಇಂಥವನು ಎಂದರೆ ಸಾಕಾಗುತ್ತಿತ್ತು. ಆದುದರಿಂದ ಮನ್ರೋ ಎಂಬುದು ರಕ್ತದ ಗುರುತಾಗಿರುವಷ್ಟೇ ಒಕ್ಕಲುತನದ ಗುರುತೂ ಆಗಿದೆ. ಬಂಟರ ಗುತ್ತಿನ ಮನೆಯ ಹೆಸರನ್ನು ಅದರ ಒಕ್ಕಲುಗಳೂ ಇಟ್ಟುಕೊಂಡಿದ್ದರೆ ಹೇಗಿರುತ್ತಿತ್ತೋ ಹಾಗೆ ಎಂದು ಭಾವಿಸಿದರೆ ವಿಷಯ ಸ್ಪಷ್ಟವಾಗುತ್ತದೆ.

ಭಾರತದ ಚರಿತ್ರೆಯಲ್ಲಿ ಇಷ್ಟೊಂದು ಮನ್ರೋಗಳು ಸಿಗುವುದಕ್ಕೂ ಕಾರಣವಿದೆ. 1745ರಲ್ಲಿ ಪದಚ್ಯುತ ಸ್ಟುವರ್ಟ್ ವಂಶದ ಪರವಾಗಿ ಎತ್ತರದ ನಾಡಿನ ಹಲವು ಕುಲಗಳು ದಂಗೆ ಎದ್ದಾಗ ಮನ್ರೋಗಳು ಲಂಡನ್ನಿನ ಸರಕಾರದ ಪಕ್ಷದಲ್ಲಿಯೇ ಉಳಿದರು. ಅವರ ನಾಯಕ ಸರ್ ರಾಬರ್ಟ್ ಮನ್ರೋ 1746ರ ಜನವರಿಯಲ್ಲಿ ಫಾಲ್ಕರ್ಕ್ ಕಾಳಗದಲ್ಲಿ ಸರಕಾರದ ಸೈನ್ಯದೊಡನೆ ಹೋರಾಡುತ್ತ ಸತ್ತನು. ಸೋತ ಕುಲಗಳ ಆಸ್ತಿ ಮುಟ್ಟುಗೋಲಾದಾಗ ಮನ್ರೋಗಳಿಗೆ ಆ ಗತಿ ಬರಲಿಲ್ಲ, ಸೈನ್ಯದ ಬಾಗಿಲೂ ತೆರೆದೇ ಇತ್ತು. ಮನೆಯಲ್ಲಿ ಭೂಮಿ ಸಾಲದ ಕಿರಿಯ ಮಕ್ಕಳಿಗೆ ಈಸ್ಟ್ ಇಂಡಿಯಾ ಕಂಪನಿಯೇ ಹೊಲವಾಯಿತು.

1764ರಲ್ಲಿ ಬಕ್ಸಾರ್ ಯುದ್ಧವನ್ನು ಗೆದ್ದ ಹೆಕ್ಟರ್ ಮನ್ರೋ ಇಂಥವನೇ. ಇದೇ ಹೆಕ್ಟರ್ 1780ರಲ್ಲಿ ಹೈದರಾಲಿಯ ಕೈಗೆ ಸಿಕ್ಕಿಬಿದ್ದ, ಕಂಪನಿಯ ಸೇನಾಧಿಕಾರಿ ಕರ್ನಲ್ ಬೈಲಿಯ ತುಕಡಿಯನ್ನು ಉಳಿಸಲಾಗದೆ, ಕಾಂಚಿಯ ಕೆರೆಗೆ ತನ್ನ ಭಾರಿ ಫಿರಂಗಿಗಳನ್ನು ತಳ್ಳಿ ಮದ್ರಾಸಿಗೆ ಹಿಂದೆ ಸರಿದನು. ಮರುವರ್ಷ ನಾಗಪಟ್ಟಣವನ್ನು ಡಚ್ಚರಿಂದ ಕಿತ್ತುಕೊಂಡು, ಊರಿಗೆ ಮರಳಿದ ಮೇಲೆ ಫೈರಿಶ್ ಗುಡ್ಡದ ತುದಿಯಲ್ಲಿ ಆ ಪಟ್ಟಣದ ಹೆಬ್ಬಾಗಿಲಿನ ಮಾದರಿಯ ಕಲ್ಲಿನ ಕಮಾನುಗಳನ್ನು ಕಟ್ಟಿಸಿದನು. ಊರಿನ ನಿರುದ್ಯೋಗಿಗಳಿಗೆ ಕೂಲಿ ಸಿಗಲೆಂದು ಈ ಕೆಲಸ ಎಬ್ಬಿಸಿದನೆಂದೂ, ಕೂಲಿಯ ದಿನಗಳು ಹೆಚ್ಚಲೆಂದು ಮೇಲಕ್ಕೆ ಸಾಗಿಸಿದ ಕಲ್ಲುಗಳನ್ನು ತಾನೇ ಕೆಳಕ್ಕೆ ಉರುಳಿಸುತ್ತಿದ್ದನೆಂದೂ ಅಲ್ಲಿಯವರು ಹೇಳುತ್ತಾರೆ. ತಮಿಳು ಕರಾವಳಿಯ ಬಾಗಿಲೊಂದು ಸ್ಕಾಟ್ಲೆಂಡಿನ ಗುಡ್ಡದ ಮೇಲೆ ಇಂದಿಗೂ ನಿಂತಿದೆ. ಅವನ ಮಗನನ್ನು 1792ರಲ್ಲಿ ಗಂಗಾಸಾಗರ ದ್ವೀಪದಲ್ಲಿ ಹುಲಿ ಕೊಂದಿತು. ಟಿಪ್ಪು ಮಾಡಿಸಿದ, ಈಗ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿರುವ ಹುಲಿಯ ಯಂತ್ರಬೊಂಬೆಗೆ ಈ ಘಟನೆಯೇ ಪ್ರೇರಣೆಯೆಂದು ಹೇಳುವವರೂ ಇದ್ದಾರೆ.

ನಿಮ್ಮ ಪ್ರವಚನದ ಥಾಮಸ್ ಮನ್ರೋ ಹೆಕ್ಟರನ ಮಗನೂ ಅಲ್ಲ, ತಮ್ಮನೂ ಅಲ್ಲ. ಆತ 1761ರಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಹುಟ್ಟಿದನು; ತಂದೆ ಅಮೆರಿಕದ ವರ್ಜೀನಿಯಾದೊಡನೆ ತಂಬಾಕಿನ ವ್ಯಾಪಾರ ನಡೆಸುತ್ತಿದ್ದನು. ಅಮೆರಿಕದ ಸ್ವಾತಂತ್ರ್ಯ ಸಮರದಿಂದ ಆ ವ್ಯಾಪಾರ ಕುಸಿದು ಮನೆ ದಿವಾಳಿಯಾದುದರಿಂದ ಮಗ ಕಂಪನಿಯ ಕೆಡೆಟ್ ಆಗಿ 1780ರಲ್ಲಿ ಮದ್ರಾಸಿಗೆ ಬಂದಿಳಿದನು. ಬಂದ ವರ್ಷವೇ ಹೆಕ್ಟರನ ದಂಡಿನಲ್ಲಿದ್ದು ಕಾಂಚಿಯ ಆ ಅವಮಾನವನ್ನು ಕಣ್ಣಾರೆ ಕಂಡನು. ಟಿಪ್ಪುವಿನ ಪತನಾನಂತರ 1799ರಲ್ಲಿ ಕೆನರಾದ ಆಡಳಿತ ವಹಿಸಿಕೊಂಡು, ನಮ್ಮ ಕರಾವಳಿಯ ಮಳೆಯನ್ನೂ ಕೆಲಸವನ್ನೂ ಶಪಿಸುತ್ತ ವರ್ಗಾವಣೆ ಕೇಳಿ, 1800ರಲ್ಲಿ ಬಳ್ಳಾರಿ, ಕಡಪಾ ಮೊದಲಾದವು ಸೇರಿದ ದತ್ತ ಮಂಡಲಕ್ಕೆ ಪ್ರಧಾನ ಕಲೆಕ್ಟರನಾಗಿ ಹೋದನು. ಮಂತ್ರಾಲಯದ ಕಥೆ ಈ ಅವಧಿಗೆ ಸೇರಿದ್ದು. ರಾಯಲಸೀಮೆಯಲ್ಲಿ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಡುತ್ತಿದ್ದರು. ತಿರುಮಲೆಯ ದೇವಾಲಯದಲ್ಲಿ ನೈವೇದ್ಯದ ದೊಡ್ಡ ಪಾತ್ರೆಗೆ ಮನ್ರೋ ಗಂಗಾಳವೆಂದೇ ಹೆಸರು. ರಾಸ್ ಸೀಮೆಯ ಕುಲನಾಮವೊಂದಕ್ಕೆ ‘ಅಪ್ಪ’ ಸೇರಿಕೊಂಡ ಇನ್ನೊಂದು ದೃಷ್ಟಾಂತ ನನ್ನ ಗಮನಕ್ಕೆ ಬಂದಿಲ್ಲ.

ಮುಂಬಯಿಯ ಕನ್ನಡಿಗರು ಈತನನ್ನು ನೆನೆಯಲು ಮತ್ತೊಂದು ಕಾರಣವೂ ಇದೆ. ಪೇಶ್ವೆಯೊಡನೆ ನಡೆದ ಕೊನೆಯ ಯುದ್ಧದಲ್ಲಿ ಧಾರವಾಡದ ಸುತ್ತಿನ ಸೀಮೆಯನ್ನೂ ಬಾದಾಮಿಯನ್ನೂ, 1818ರ ಏಪ್ರಿಲ್‌ನಲ್ಲಿ ಬೆಳಗಾವಿಯ ಕೋಟೆಯನ್ನೂ, ಮುಂದಿನ ತಿಂಗಳು ಸೊಲ್ಲಾಪುರವನ್ನೂ ವಶಪಡಿಸಿಕೊಂಡವನು ಇವನೇ. ಆ ಸೀಮೆ ಮುಂಬಯಿ ಪ್ರಾಂತಕ್ಕೆ ಸೇರಿತು. ಅದರ ಕನ್ನಡ ಜಿಲ್ಲೆಗಳು 1956ರವರೆಗೆ ಇಲ್ಲಿಯೇ ಉಳಿದವು. ಥಾಮಸ್ 1820ರಿಂದ ಮದ್ರಾಸಿನ ಗವರ್ನರನಾಗಿದ್ದು 1827ರ ಜುಲೈಯಲ್ಲಿ ಪತ್ತಿಕೊಂಡದಲ್ಲಿ ಕಾಲರಾದಿಂದ ಸತ್ತನು. ಕೇರಳದ ಕೊಲ್ಲಂ ಬಳಿಯ ಮನ್ರೋ ತುರುತ್ತು ಎಂಬ ದ್ವೀಪಕ್ಕೆ ಹೆಸರು ಕೊಟ್ಟವನು ಮಾತ್ರ ಬೇರೊಬ್ಬ, ತಿರುವಾಂಕೂರಿನ ರೆಸಿಡೆಂಟನೂ ದಿವಾನನೂ ಆಗಿದ್ದ ಜಾನ್ ಮನ್ರೋ. ಇಬ್ಬರನ್ನೂ ಒಬ್ಬನೆಂದು ತಿಳಿಯುವ ತಪ್ಪು ಆಗಾಗ ಕಾಣುತ್ತದೆ.

ಅಮೆರಿಕದ ಕವಲುಗಳು ಇದಕ್ಕಿಂತ ಹಳೆಯವು. 17ನೆಯ ಶತಮಾನದ ನಡುವೆ ವರ್ಜೀನಿಯಾಕ್ಕೆ ಹೋಗಿ ನೆಲೆಸಿದ ಆಂಡ್ರೂ ಎಂಬವನ ವಂಶದಲ್ಲಿ ಐದನೆಯ ಅಧ್ಯಕ್ಷ ಜೇಮ್ಸ್ ಮನ್ರೋ ಹುಟ್ಟಿದನು. ಅಮೆರಿಕ ಖಂಡಗಳಲ್ಲಿ ಯುರೋಪಿನ ಹೊಸ ವಸಾಹತುಗಳು ಸಲ್ಲವೆಂದು 1823ರಲ್ಲಿ ಸಾರಿದವನು ಆತನೇ. ಲೈಬೀರಿಯಾದ ರಾಜಧಾನಿ ಮನ್ರೋವಿಯಾ ಆತನ ಹೆಸರನ್ನೇ ಹೊತ್ತಿದೆ. ಆತನ ವರ್ಜೀನಿಯಾದ ಎಸ್ಟೇಟಿನ ಹೆಸರು ‘ಹೈಲ್ಯಾಂಡ್’; ಅಲ್ಲಿ ದುಡಿದ ಗುಲಾಮರ ವಂಶಸ್ಥರಲ್ಲಿಯೂ ಮನ್ರೋ ಎಂಬ ಅಡ್ಡಹೆಸರು ಉಳಿದು ಬಂದಿದೆ. ಸ್ಕಾಟ್ಲೆಂಡಿನ ಒಕ್ಕಲು ಹೊಟ್ಟೆಗಾಗಿ ಪಡೆದ ಹೆಸರನ್ನು ಇವರು ಪಡೆದದ್ದು ಸಂಕೋಲೆಯೊಂದಿಗೆ ಎಂಬುದನ್ನು ಮರೆಯಬಾರದು. ಮರ್ಲಿನ್ ಮನ್ರೋ ಎಂಬುದು ಚಿತ್ರರಂಗಕ್ಕಾಗಿ ಇಟ್ಟುಕೊಂಡ ಹೆಸರು; ಮನ್ರೋ ಆಕೆಯ ತಾಯಿಯ ತವರಿನ ಹೆಸರು. 2013ರಲ್ಲಿ ನೊಬೆಲ್ ಪಡೆದ ಆಲಿಸ್ ಮನ್ರೋ ಅವರಿಗೆ ಅದು ಗಂಡನ ಮನೆಯಿಂದ ಬಂದದ್ದು. ಅವರ ತವರು ಹೆಸರು ಲೇಡ್ಲಾ, ಅದೂ ಸ್ಕಾಟ್ಲೆಂಡಿನದೇ, ಆದರೆ ದಕ್ಷಿಣದ ಗಡಿನಾಡಿನದು. ಹುಟ್ಟು, ಒಕ್ಕಲುತನ, ಗುಲಾಮಗಿರಿ, ಮದುವೆ, ಸಿನೆಮಾ ಹೀಗೆ ಒಂದೇ ಹೆಸರಿಗೆ ಐದು ದಾರಿಗಳಿವೆಯೆಂದು ಮೊಮ್ಮಗಳಿಗೆ ಹೇಳಿ.

ಪ್ರಶ್ನೆ: ನಾನು ವೈದ್ಯಕೀಯ ವಿದ್ಯಾರ್ಥಿನಿ. ಮೆದುಳಿನ ಪಾಠದಲ್ಲಿ ‘ಮನ್ರೋ ರಂಧ್ರ’ ಬರುತ್ತದೆ, ಆದರೆ ಪುಸ್ತಕದಲ್ಲಿ ಹೆಸರಿನ ಎರಡನೆಯ ಅಕ್ಷರ ಬೇರೆ. ಇದು ಅದೇ ಅಡ್ಡಹೆಸರೇ? ಈಗ ಈ ಹೆಸರಿನವರು ಎಲ್ಲೆಲ್ಲಿ ಹೆಚ್ಚಾಗಿದ್ದಾರೆ? ಟೊರಾಂಟೊದಲ್ಲಿರುವ ನಮ್ಮ ಚಿಕ್ಕಮ್ಮನ ನೆರೆಯವರೂ ಮನ್ರೋಗಳೇ.
— ಓದುಗಳೊಬ್ಬಳು, ಚೆಂಬೂರು

ಉತ್ತರ: ಅದೇ ಅಡ್ಡಹೆಸರು. ರೋಮನ್ ಲಿಪಿಯಲ್ಲಿ ಎರಡನೆಯ ಅಕ್ಷರ ‘ಯು’ ಆದರೂ ‘ಒ’ ಆದರೂ, ಕೊನೆಗೊಂದು ‘ಇ’ ಸೇರಿದರೂ ಮೂಲ ಒಂದೇ. ಬರೆಯುವ ಗುಮಾಸ್ತನ ಕಿವಿಗೆ ಕೇಳಿಸಿದಂತೆ ಕಾಗುಣಿತ ಬದಲಾಗಿದೆ. ಆದರೂ ಒಂದು ಅಂದಾಜು ಸಿಗುತ್ತದೆ: ‘ಯು’ ಇದ್ದು ಕೊನೆಯ ‘ಇ’ ಇಲ್ಲದ ರೂಪ ಸ್ಕಾಟ್ಲೆಂಡ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹೆಚ್ಚು, ‘ಒ’ ಮತ್ತು ‘ಇ’ ಎರಡೂ ಇರುವ ರೂಪ ಮುಖ್ಯವಾಗಿ ಅಮೆರಿಕದ್ದು. ನಿಮ್ಮ ಪಾಠದ ಮನ್ರೋ ಎಡಿನ್‌ಬರೋ ವಿಶ್ವವಿದ್ಯಾನಿಲಯದ ಎರಡನೆಯ ಅಲೆಕ್ಸಾಂಡರ್ ಮನ್ರೋ. ತಂದೆ, ಮಗ, ಮೊಮ್ಮಗ ಮೂವರಿಗೂ ಅಲೆಕ್ಸಾಂಡರ್ ಎಂದೇ ಹೆಸರು, ಮೂವರೂ ಅಲ್ಲಿ ಅಂಗರಚನಾಶಾಸ್ತ್ರದ ಪ್ರಾಧ್ಯಾಪಕರು. 1720ರಿಂದ 1846ರವರೆಗೆ, ಅಂದರೆ 126 ವರ್ಷ, ಆ ಪೀಠ ಒಂದೇ ಮನೆಯಲ್ಲಿತ್ತು. ಮೂರನೆಯವನ ಪಾಠ ಎಷ್ಟು ನೀರಸವಾಗಿತ್ತೆಂಬುದನ್ನು ಅವನ ಶಿಷ್ಯನಾಗಿದ್ದ ಚಾರ್ಲ್ಸ್ ಡಾರ್ವಿನ್ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ. ವಂಶಪಾರಂಪರ್ಯದ ಹುದ್ದೆಗಳ ಬಗ್ಗೆ ನಾನು ಬೇರೆ ಹೇಳಬೇಕಾಗಿಲ್ಲ. ಆ ಮೂರನೆಯವನ ಮಗ ಡೇವಿಡ್ ನ್ಯೂಜಿಲೆಂಡಿನ ನೆಲ್ಸನ್‌ನಲ್ಲಿ ನೆಲೆಸಿ ಅಲ್ಲಿನ ಶಾಸನಸಭೆಯ ಸ್ಪೀಕರ್ ಆದನು. ಡೇವಿಡನ ಮಗ ಚಾರ್ಲ್ಸ್ 1870ರಲ್ಲಿ ಆ ದೇಶಕ್ಕೆ ರಗ್ಬಿ ಆಟವನ್ನು ತಂದನು.

ಸ್ಕಾಟ್ಲೆಂಡಿನಲ್ಲಿ ಈ ಹೆಸರು ಇಂದಿಗೂ ದಟ್ಟವಾಗಿರುವುದು ರಾಸ್ ಸೀಮೆ, ಇನ್ವರ್ನೆಸ್ ಮತ್ತು ಸದರ್‌ಲ್ಯಾಂಡ್‌ಗಳಲ್ಲಿ. ಆಲ್ನೆಸ್, ಇವಾಂಟನ್ ಎಂಬ ಊರುಗಳ ಸ್ಮಶಾನಗಳಲ್ಲಿ ಕಲ್ಲಿನಿಂದ ಕಲ್ಲಿಗೆ ಇದೇ ಹೆಸರು ಕಾಣುತ್ತದೆ. ಗ್ಲಾಸ್ಗೋ, ಎಡಿನ್‌ಬರೋಗಳಿಗೆ ಅದು ಕೆಲಸ ಹುಡುಕಿಕೊಂಡು ಇಳಿದು ಬಂದದ್ದು. 18ನೆಯ ಶತಮಾನದ ಕೊನೆಯಿಂದ ಭೂಮಾಲಿಕರು ಒಕ್ಕಲುಗಳನ್ನು ಎಬ್ಬಿಸಿ ಕುರಿ ಸಾಕಣೆಗೆ ನೆಲ ಬಿಟ್ಟುಕೊಡತೊಡಗಿದರು. 1792ರಲ್ಲಿ ರಾಸ್ ಸೀಮೆಯ ಜನ ಸಿಟ್ಟಿಗೆದ್ದು ಕುರಿಹಿಂಡುಗಳನ್ನೇ ಸೀಮೆಯಿಂದ ಹೊರಕ್ಕೆ ಅಟ್ಟಲು ಹೊರಟರು, ಸೈನ್ಯ ಬಂದು ಅವರನ್ನು ಅಡಗಿಸಿತು. ಆ ವರ್ಷಕ್ಕೆ ಗೇಲಿಕ್‌ನಲ್ಲಿ ‘ಕುರಿಗಳ ವರ್ಷ’ ಎಂದೇ ಹೆಸರು. ನೆಲ ಕಳೆದುಕೊಂಡವರು ಕೆನಡಾದ ನೋವಾ ಸ್ಕೋಷಿಯಾಕ್ಕೂ ಒಂಟಾರಿಯೊಗೂ, ಮುಂದೆ ಆಸ್ಟ್ರೇಲಿಯಾಕ್ಕೂ ನ್ಯೂಜಿಲೆಂಡಿಗೂ ಹಡಗು ಹತ್ತಿದರು. ಸದರ್‌ಲ್ಯಾಂಡಿನಲ್ಲಿ ಹುಟ್ಟಿದ ಜೇಮ್ಸ್ ಮನ್ರೋ ಎಂಬವನು 1890ರಲ್ಲಿ ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಪ್ರಧಾನಿಯೇ ಆದನು. ನಿಮ್ಮ ಚಿಕ್ಕಮ್ಮನ ನೆರೆಯವರ ಹಿರಿಯರು ಹೀಗೆ ಬಂದವರಾಗಿರುವ ಸಂಭವ ಹೆಚ್ಚು; ಖಚಿತವಾಗಿ ತಿಳಿಯಬೇಕಾದರೆ ಅಡ್ಡಹೆಸರನ್ನು ಬಿಟ್ಟು, ಅಜ್ಜನ ಅಜ್ಜ ಯಾವ ಪ್ಯಾರಿಷ್‌ನಿಂದ ಹೊರಟನೆಂದು ಅವರನ್ನು ಕೇಳಬೇಕು.

ಸಹ್ಯಾದ್ರಿಯ ಕೋಟೆಗಳನ್ನು ಹತ್ತುವ ಹವ್ಯಾಸ ನಿಮಗಿದ್ದರೆ ಇನ್ನೊಂದು ವಿಷಯ. ಸ್ಕಾಟ್ಲೆಂಡಿನಲ್ಲಿ ಇಂದು ‘ಮನ್ರೋ’ ಎಂದರೆ ಮನುಷ್ಯನಿಗಿಂತ ಮೊದಲು ಬೆಟ್ಟವೇ ನೆನಪಾಗುತ್ತದೆ. ಸರ್ ಹ್ಯೂ ಮನ್ರೋ ಎಂಬವನು 1891ರಲ್ಲಿ 3000 ಅಡಿಗಿಂತ ಎತ್ತರದ ಶಿಖರಗಳ ಪಟ್ಟಿಯನ್ನು ಪ್ರಕಟಿಸಿದನು. ಪರಿಷ್ಕಾರಗಳಾದ ಮೇಲೆ ಈಗ ಅದರಲ್ಲಿ 282 ಶಿಖರಗಳಿವೆ, ಒಂದೊಂದಕ್ಕೂ ಮನ್ರೋ ಎಂದೇ ಹೆಸರು, ಎಲ್ಲವನ್ನೂ ಹತ್ತಿ ಮುಗಿಸುವುದು ಅಲ್ಲಿನ ಚಾರಣಿಗರ ಹಂಬಲ. ಅವುಗಳಲ್ಲಿ ಅತಿ ಎತ್ತರದ ಬೆನ್ ನೆವಿಸ್ 1345 ಮೀಟರ್. ನಮ್ಮ ಕಳಸೂಬಾಯಿ 1646 ಮೀಟರ್. ಪಟ್ಟಿ ಮಾಡಿದ ಹ್ಯೂ ಮಾತ್ರ ಎಲ್ಲವನ್ನೂ ಹತ್ತದೆ 1919ರಲ್ಲಿ ತೀರಿಕೊಂಡನು. ಹಿಮದ ಉಂಡೆಯ ಗೇಣಿ ಕೊಟ್ಟ ಬೆನ್ ವಿವಿಸ್ ಕೂಡ ಆ ಪಟ್ಟಿಯಲ್ಲಿದೆ.