ಮೆಟಡೋರಿನಲ್ಲಿ ಮನೆ ಕಟ್ಟುವ ಮೊದಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಆಯ್ದುಕೊಂಡ ನಾಲ್ಕೂ ಪತ್ರಗಳು ಹಳೆಯ ವ್ಯಾನನ್ನು ಮನೆಯ ಅಂಗಳದಲ್ಲಿಯೇ ದುರಸ್ತಿ ಮಾಡಿ, ಮಲಗಲು ಮತ್ತು ಅಡುಗೆ ಮಾಡಲು ಅನುವಾಗುವಂತೆ ಸಜ್ಜುಗೊಳಿಸುವ ಕುರಿತಾಗಿವೆ. ಮೊದಲನೆಯ ಉತ್ತರ ಉದ್ದವಾಗಿದೆ. ಉಳಿದವರಿಗೂ ಅದರಲ್ಲಿ ಪಾಲಿದೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಮಾವನವರ 1994ನೇ ಇಸವಿಯ ಡೀಸೆಲ್ ಮೆಟಡೋರ್ ನಾಲ್ಕು ವರ್ಷಗಳಿಂದ ನಮ್ಮ ಹಿತ್ತಲಿನ ಹುಣಸೆಮರದ ಕೆಳಗೆ ನಿಂತಿದೆ. ಅದರಲ್ಲಿ ಮಂಚ ಮತ್ತು ಸಣ್ಣ ಅಡುಗೆಕಟ್ಟೆ ಕೂಡಿಸಿ ಮನೆಯವರೊಂದಿಗೆ ಊರೂರು ಸುತ್ತುವ ಆಸೆಯಿದೆ. ನೆಲದಲ್ಲಿ ಅಲ್ಲಲ್ಲಿ ತೂತು ಬಿದ್ದಿವೆ. ಮೇಲೊಂದು ತಗಡು ಹೊದಿಸಿ ಪ್ಲೈವುಡ್ ಹಾಸಿಬಿಡೋಣ ಎನ್ನುತ್ತಾರೆ ಮಿಸ್ತ್ರಿ. ಒಪ್ಪಬಹುದೇ? (ಧಾರವಾಡದ ಓದುಗರು)

ಉತ್ತರ: ದಯವಿಟ್ಟು ಒಪ್ಪಬೇಡಿ. ನಾನು ಒಮ್ಮೆ ಹಾಗೆಯೇ ಒಪ್ಪಿಕೊಂಡಿದ್ದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಹೊಸ ತಗಡು, ಹಳೆಯ ತಗಡು, ಪ್ಲೈವುಡ್ ಮೂರೂ ಕೊಳೆತು, ಪಕ್ಕದ ಬಾಗಿಲಿನ ಬಳಿ ನನ್ನ ಕಾಲೇ ಕೆಳಗಿಳಿದಿತ್ತು. ಜಂಗು ಹಿಡಿದ ತಗಡಿನ ಮೇಲೆ ಇನ್ನೊಂದನ್ನು ಹೊದಿಸಿದರೆ ಎರಡರ ನಡುವೆ ಸೇರಿದ ನೀರಿಗೆ ಆರಲು ದಾರಿಯೇ ಇರುವುದಿಲ್ಲ. ಮೆಟಡೋರಿನ ಬಾಡಿ ಮತ್ತು ನೆಲ ಒಂದಕ್ಕೊಂದು ಆಧಾರವಾಗಿ ನಿಂತಿರುವುದರಿಂದ ಇದನ್ನು ಬರಿಯ ಅಂದಚೆಂದದ ಮಾತೆಂದು ತಳ್ಳಿಹಾಕಲಾಗದು.

ಮೊದಲು ಒಳಗಿನ ರಬ್ಬರ್ ಹಾಸನ್ನು ಪೂರ್ತಿ ಕಿತ್ತು, ಸ್ಕ್ರೂಡ್ರೈವರಿನ ಹಿಡಿಕೆಯಿಂದ ಗೇಣಿಗೊಂದು ಕಡೆ ತಟ್ಟುತ್ತ ಹೋಗಿ. ಗಟ್ಟಿ ತಗಡು ಠಣ್ಣೆನ್ನುತ್ತದೆ, ಕೊಳೆತದ್ದು ದಬ್ಬೆನ್ನುತ್ತದೆ. ದಬ್ಬೆಂದ ಕಡೆಯೆಲ್ಲ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ, ಅದು ನಿಮ್ಮ ಮನೆಯಲ್ಲಿ ಇದ್ದೇ ಇರುತ್ತದೆ. ಗಾಲಿಯ ಮೇಲಿನ ಕಮಾನಿನೊಳಗೂ ಕೈಹಾಕಿ ನೋಡಿ. ನವಲಗುಂದದ ಕಡೆ ಮಳೆಗಾಲದಲ್ಲಿ ಓಡಾಡಿದ ಗಾಡಿಯಾದರೆ ಅಲ್ಲಿ ಎರೆಮಣ್ಣು ಮೆತ್ತಿ ಕಲ್ಲಾಗಿರುತ್ತದೆ, ಮತ್ತು ಆ ಮಣ್ಣು ಮೇಲೆ ಒಣಗಿದಂತೆ ಕಂಡರೂ ತಗಡಿಗೆ ತಾಗಿದ ಬದಿಯಲ್ಲಿ ಬಹುಕಾಲ ತೇವ ಹಿಡಿದಿರುತ್ತದೆ.

ತೂತು ಮುಚ್ಚುವ ಮೊದಲು ನೀರು ಎಲ್ಲಿಂದ ಬಂತೆಂಬುದು ತಿಳಿಯಬೇಕು. ಮರದ ಕೆಳಗೆ ನಿಂತ ವ್ಯಾನಿನ ಚಾವಣಿಯಂಚಿನ ದೋಣಿಯಲ್ಲಿ ಹುಣಸೆ ಎಲೆಗಳು ಕೊಳೆತು, ನೀರು ಹಿಂದಕ್ಕೆ ಹರಿದು, ಗಾಜಿನ ರಬ್ಬರ್ ಬೀಡಿಂಗ್ ಮೂಲಕ ಒಳಗಿಳಿದಿರುವ ಸಾಧ್ಯತೆ ಹೆಚ್ಚು. ಒಬ್ಬರು ಬ್ಯಾಟರಿ ದೀಪ ಹಿಡಿದು ಒಳಗೆ ಕೂಡಬೇಕು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಬೇಕು. ಆದರೆ ಕೆಳಗಿನಿಂದ ಆರಂಭಿಸಿ ಐದೈದು ನಿಮಿಷಕ್ಕೆ ಒಂದೊಂದು ಗೇಣು ಮೇಲಕ್ಕೆ ಹೋಗಬೇಕು. ಮೊದಲೇ ಚಾವಣಿಯ ಮೇಲೆ ಸುರಿದರೆ ಎಲ್ಲ ಕಡೆಯೂ ಒದ್ದೆಯಾಗಿ ಯಾವ ಸಂದು ಸೋರಿತೆಂಬುದೇ ಗೊತ್ತಾಗುವುದಿಲ್ಲ.

ಆಮೇಲೆ ಟಿಂಕರಿಂಗ್ ಕೆಲಸ. ಕೊಳೆತ ಭಾಗವನ್ನು ಹೊಳೆಯುವ ಲೋಹ ಕಾಣುವವರೆಗೆ ಕತ್ತರಿಸಿ ತೆಗೆದು, ಅಷ್ಟೇ ದಪ್ಪದ ಹೊಸ ತಗಡನ್ನು ಅಲ್ಲಿ ಕೂಡಿಸಬೇಕು. ಒಂದೇ ಸಮನೆ ವೆಲ್ಡ್ ಎಳೆದರೆ ತಗಡು ಕಾದು ಸೊಟ್ಟಗಾಗುತ್ತದೆ. ಒಂದು ಚುಕ್ಕೆ ಈ ತುದಿಗೆ, ಮುಂದಿನದು ಆ ತುದಿಗೆ ಎನ್ನುವಂತೆ ಹಾಕಿಸಿ. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿಯ ಎರಡೂ ತಂತಿಗಳನ್ನೂ ಆಲ್ಟರ್ನೇಟರಿನ ತಂತಿಯನ್ನೂ ಬಿಚ್ಚಿಡಬೇಕು, ಡೀಸೆಲ್ ಟ್ಯಾಂಕಿನ ಹತ್ತಿರದ ಕೆಲಸವಾದರೆ ಟ್ಯಾಂಕನ್ನೇ ಇಳಿಸಬೇಕು. ಪ್ರೈಮರ್, ಸಂದುಗಳಿಗೆ ಸೀಲರ್, ಕೆಳಗಡೆ ಅಂಡರ್‌ಕೋಟಿಂಗ್ ಆದ ಮೇಲೆಯೇ ಪ್ಲೈವುಡ್ಡಿನ ಸರದಿ. ಐಎಸ್ 710 ಗುರುತಿರುವ (ನೀರು ತಡೆಯುವ ಮರೀನ್ ಪ್ಲೈವುಡ್ಡಿನ ಗುರುತು ಅದು) 12 ಮಿ.ಮೀ. ಹಲಗೆ ಸಾಕು, ಕೊಯ್ದ ಅಂಚುಗಳಿಗೆ ವಾರ್ನಿಶ್ ಕುಡಿಸಿ, ನೆಲಕ್ಕೆ ಅಂಟಿಸದೆ ಬೋಲ್ಟಿನಿಂದ ಕೂಡಿಸಿ, ವರ್ಷಕ್ಕೊಮ್ಮೆ ಎತ್ತಿ ನೋಡಲು ಬರುವಂತಿರಲಿ. ಸೆಕೆ ತಡೆಯಲು ಚಾವಣಿಗೆ ನೈಟ್ರೈಲ್ ರಬ್ಬರಿನ ಹಾಳೆ ಅಂಟಿಸಬಹುದು; ಗಾಜಿನ ಉಣ್ಣೆ ನೀರು ಹಿಡಿದಿಡುತ್ತದೆ, ಬೇಡ.

ನಾಲ್ಕು ವರ್ಷ ನಿಂತ ಗಾಡಿಯ ಎಂಜಿನ್ ಚಾಲೂ ಮಾಡುವ ಅವಸರವನ್ನೂ ಬಿಡಿ. ಟ್ಯಾಂಕಿನ ತಳದಲ್ಲಿ ನೀರು ನಿಂತಿರುತ್ತದೆ. ಹಳೆಯ ಡೀಸೆಲ್ ತೆಗೆದು, ಫಿಲ್ಟರ್ ಮತ್ತು ರಬ್ಬರ್ ಪೈಪುಗಳನ್ನು ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವವಾದ್ದರಿಂದ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು. ಬದಲಿಸದೆ ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದರೆ, ಬ್ರೇಕ್ ಕಾದಾಗ ಆ ತೇವವೇ ಕುದಿದು ಆವಿಯಾಗಿ ಪೆಡಲ್ ಹುಸಿಯಾಗುತ್ತದೆ. ಮಂಚದ ಅಳತೆ ತೆಗೆಯುವುದು ಇವೆಲ್ಲ ಮುಗಿದ ಮೇಲೆ.

ಪ್ರಶ್ನೆ: ನಮ್ಮ ಮೆಟಡೋರಿನಲ್ಲಿ 45 ವ್ಯಾಟಿನ ಚಿಕ್ಕ ಫ್ರಿಜ್, ಒಂದು ಫ್ಯಾನ್, ಮೂರು ಎಲ್‌ಇಡಿ ದೀಪ ಹಾಕಿದ್ದೇನೆ. ಬೆಳಿಗ್ಗೆ ಗಾಡಿ ಚಾಲೂ ಆಗುವುದಿಲ್ಲ. ಮನೆಯ ಇನ್ವರ್ಟರಿನ ಬ್ಯಾಟರಿಯನ್ನು ಹಿಂಬದಿಯಲ್ಲಿ ಇಡಲೇ? (ಹುಬ್ಬಳ್ಳಿಯ ಓದುಗರು)

ಉತ್ತರ: ಎಂಜಿನ್ನಿನ ಬ್ಯಾಟರಿಯನ್ನೇ ರಾತ್ರಿಯಿಡೀ ಹಿಂಡಿದರೆ ಬೆಳಿಗ್ಗೆ ಸ್ಟಾರ್ಟರಿಗೆ ಉಳಿಯುವುದೇನು? ಎರಡನೆಯ ಬ್ಯಾಟರಿ ಬೇಕೇ ಬೇಕು, ಆದರೆ ಮೊದಲು ಲೆಕ್ಕ ಹಾಕಿ. ಬೇಸಿಗೆಯಲ್ಲಿ ಫ್ರಿಜ್ ದಿನದ ಅರ್ಧ ಹೊತ್ತು ಓಡಿತೆಂದರೂ 540 ವ್ಯಾಟ್ ಅವರ್; 20 ವ್ಯಾಟಿನ ಫ್ಯಾನ್ ಎಂಟು ತಾಸಿಗೆ 160; ಐದೈದು ವ್ಯಾಟಿನ ದೀಪಗಳು ನಾಲ್ಕು ತಾಸಿಗೆ 60. ಒಟ್ಟು 760. ಸೀಸದ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗಿಳಿಸಿದರೆ ಅದರ ಆಯುಷ್ಯ ಕುಗ್ಗುವುದರಿಂದ 12 ವೋಲ್ಟಿನ 100 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 1200 ವ್ಯಾಟ್ ಅವರ್ ಇದ್ದರೂ ಕೊಡುವುದು 600 ಮಾತ್ರ. ಆದ್ದರಿಂದ 150ರದ್ದು ಬೇಕು.

ಮನೆಯ ಟ್ಯೂಬುಲರ್ ಬ್ಯಾಟರಿ ಎತ್ತರದ್ದು, 50 ಕೆಜಿಗೂ ಮೀರಿದ್ದು, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುವಂಥದ್ದು. ಮಲಗುವ ಕೋಣೆಯೊಳಗೆ ಅದನ್ನು ಇಡುವುದು ತರವಲ್ಲ. ಸೀಲ್ ಆದ ಬ್ಯಾಟರಿ ಕೊಂಡು, ಹಿಂದಿನ ಅಚ್ಚಿನ ಮುಂದೆ, ನೆಲಕ್ಕೆ ತಾಗಿಸಿ ಬಿಗಿಯಿರಿ. ಮೆಟಡೋರನ್ನು ಎಳೆಯುವುದು ಮುಂದಿನ ಗಾಲಿಗಳು. ಬ್ಯಾಟರಿ, ನೀರಿನ ಟ್ಯಾಂಕು, ಪಾತ್ರೆಪಗಡೆ ಎಲ್ಲವನ್ನೂ ಹಿಂದಿನ ಬಾಗಿಲಿಗೆ ಒತ್ತಿಟ್ಟರೆ ಮುಂಭಾಗ ಹಗುರಾಗಿ, ಮಳೆಯಲ್ಲಿ ಘಟ್ಟ ಏರುವಾಗ ಗಾಲಿಗಳು ನಿಂತಲ್ಲೇ ತಿರುಗುತ್ತವೆ. ನೂರು ಲೀಟರ್ ನೀರೆಂದರೆ ನೂರು ಕೆಜಿ ಎಂಬುದನ್ನು ಅನೇಕರು ಮರೆಯುತ್ತಾರೆ.

ಎರಡು ಬ್ಯಾಟರಿಗಳ ನಡುವೆ, ಎಂಜಿನ್ ಓಡುವಾಗ ಮಾತ್ರ ಕೂಡಿಸುವ ರಿಲೇ ಇರಲಿ. ಹಳೆಯ ವೈರಿಂಗಿಗೆ ಹೊಸ ತಂತಿ ಗಂಟು ಹಾಕಬೇಡಿ. ಬ್ಯಾಟರಿಯ ಪ್ಲಸ್ ತುದಿಯ ಪಕ್ಕದಲ್ಲೇ ಫ್ಯೂಸ್ ಇಟ್ಟು, ಫ್ರಿಜ್‌ಗೆ ಬೇರೆಯೇ ತಂತಿ ಎಳೆಯಿರಿ. ಐದು ಮೀಟರ್ ದೂರಕ್ಕೆ ಹತ್ತು ಆಂಪಿಯರ್ ಹರಿದರೆ 2.5 ಚದರ ಮಿ.ಮೀ. ತಂತಿಯಲ್ಲಿ ಹೋಗಿಬರುವ ದಾರಿಯಲ್ಲೇ ಸುಮಾರು 0.7 ವೋಲ್ಟ್ ಸೋರಿಹೋಗುತ್ತದೆ. 6 ಚದರ ಮಿ.ಮೀ. ತಂತಿಯಲ್ಲಿ 0.3. ಮನೆಯ 230 ವೋಲ್ಟಿನಲ್ಲಿ ಇದು ಲೆಕ್ಕಕ್ಕಿಲ್ಲ, 12 ವೋಲ್ಟಿನಲ್ಲಿ ಫ್ರಿಜ್ ಇದಕ್ಕೇ ಮುನಿಸಿಕೊಳ್ಳುತ್ತದೆ.

ಪ್ರಶ್ನೆ: ಮರ್ಸಿಡಿಸ್ ವಿನ್ಯಾಸದ ಎಂಜಿನ್ ಇರುವ ನನ್ನ ಮೆಟಡೋರ್ ಬಿಸಿಯಾಗುತ್ತದೆಂದು ಮಿಸ್ತ್ರಿ ಥರ್ಮೋಸ್ಟಾಟ್ ತೆಗೆದುಹಾಕಿದರು. ಈಗ ಇನ್ನೂ ಹೆಚ್ಚು ಬಿಸಿಯಾಗುತ್ತಿದೆ. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕುತ್ತೇನೆ. (ಗದಗದ ಓದುಗರು)

ಉತ್ತರ: ನಿಮ್ಮ ಪ್ರಶ್ನೆಯಲ್ಲಿಯೇ ಎರಡು ಉತ್ತರಗಳಿವೆ. ಥರ್ಮೋಸ್ಟಾಟ್ ಎಂದರೆ ನೀರಿನ ಬಿಸಿಗೆ ತಕ್ಕಂತೆ ತೆರೆದು ಮುಚ್ಚುವ ಕವಾಟ. ಈ ಎಂಜಿನ್ನಿನಲ್ಲಿ ಅದು ಕಾದಾಗ ರೇಡಿಯೇಟರಿನ ದಾರಿ ತೆರೆಯುವುದರ ಜೊತೆಗೆ ಅಡ್ಡದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದರೆ ನೀರಿನ ಒಂದು ಪಾಲು ರೇಡಿಯೇಟರನ್ನು ಮುಟ್ಟದೆಯೇ ಮರಳಿ ಎಂಜಿನ್ನಿಗೆ ಹೋಗುತ್ತದೆ. ಹೊಸದನ್ನು ಕೂಡಿಸಿ. ಗಡಸು ನೀರು ಚಹಾ ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವನ್ನೇ ರೇಡಿಯೇಟರಿನ ಕೊಳವೆಗಳಲ್ಲೂ ಬಿಡುತ್ತದೆ. ರೇಡಿಯೇಟರ್ ತೊಳೆಸಿ, ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಅರ್ಧರ್ಧ ತುಂಬಿ.

ಪ್ರಶ್ನೆ: ನನ್ನ 1996ರ ವ್ಯಾನಿನ ಸಂಖ್ಯೆ ಕೆಎ 25ರಿಂದ ಆರಂಭವಾಗುತ್ತದೆ. ಹಿಂದಿನ ಸೀಟು ತೆಗೆದು ಗ್ಯಾಸ್ ಒಲೆ ಕೂಡಿಸಿದರೆ ಆರ್‌ಟಿಒ ತಕರಾರು ಬರುವುದೇ? ಟೈರುಗಳು ಹೊಸದರಂತೆಯೇ ಇವೆ, ಮೇಲೆ 1414 ಎಂದಿದೆ. (ಹಾವೇರಿಯ ಓದುಗರು)

ಉತ್ತರ: ಆಗ ಹಾವೇರಿ ಇನ್ನೂ ಧಾರವಾಡ ಜಿಲ್ಲೆಯಲ್ಲಿಯೇ ಇತ್ತು, ಹಾಗಾಗಿ ಆ ಸಂಖ್ಯೆ ಸಹಜ. ಖಾಸಗಿ ವಾಹನದ ನೋಂದಣಿ 15 ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೆ ನವೀಕರಣವಾಗಬೇಕು. ಮೊದಲು ಆ ದಿನಾಂಕ ನೋಡಿಕೊಳ್ಳಿ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿನ ವಿವರಕ್ಕೂ ವಾಹನಕ್ಕೂ ತಾಳೆ ತಪ್ಪುವಂತೆ ಬದಲಾವಣೆ ಮಾಡುವಂತಿಲ್ಲ, ಮತ್ತು ಆಸನಗಳ ಸಂಖ್ಯೆ ಆ ವಿವರದಲ್ಲಿ ಸೇರಿದೆ. ಸೀಟು ಕೀಳುವ ಮೊದಲೇ ಕಚೇರಿಗೆ ಹೋಗಿ ಲಿಖಿತವಾಗಿ ಕೇಳಿ. ಸೀಟುಗಳನ್ನು ಉಳಿಸಿಕೊಂಡು ಮೇಲೆ ಮಡಚುವ ಹಲಗೆ ಹಾಸುವುದು ನನಗೆ ಹೆಚ್ಚು ಸರಿ ಕಾಣುತ್ತದೆ.

ಒಲೆಯನ್ನು ಒಳಗೆ ಕೂಡಿಸಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಕಿಟಕಿಯಿಂದ ಹೊರಹೋಗದೆ ನೆಲದ ಮೇಲೆ, ನೀವು ಮಲಗುವ ಮಟ್ಟದಲ್ಲಿಯೇ ನಿಲ್ಲುತ್ತದೆ. 5 ಕೆಜಿಯ ಸಿಲಿಂಡರ್ ಒಯ್ದು, ಹೊರಗೆ ಇಳಿಸಿ ಅಡುಗೆ ಮಾಡಿ. ಟೈರಿನ ಮೇಲಿನ 1414 ಎಂದರೆ 2014ನೇ ಇಸವಿಯ 14ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಗೆರೆಗಳು ಸವೆಯದಿದ್ದರೂ ರಬ್ಬರ್ ಗಡುಸಾಗಿರುತ್ತದೆ. ನಾಲ್ಕನ್ನೂ ಬದಲಿಸಿ, ಸ್ಟೆಪ್ನಿಯ ಮೇಲಿನ ಅಂಕಿಗಳನ್ನೂ ಓದಿ.