ಪ್ರತಿಕ್ರಿಯೆ: ಹಚ್ಚಿಕೊಂಡಿದೆ ಅಂತ ವಾಕಿಂಗ್ ನಿಲ್ಲಿಸಬೇಡಿ

ನಾಯಿಗಳ ಆಶ್ರಯತಾಣದಿಂದ ಭಾನುವಾರ ನೀವು ವಾಕಿಂಗ್ ಕರೆದೊಯ್ಯುವ ಹೆಣ್ಣುನಾಯಿ ನಿಮ್ಮನ್ನೇ ಹಚ್ಚಿಕೊಂಡಿದೆ, ನಾಳೆ ದತ್ತು ಹೋದರೆ ಕೊರಗುತ್ತೇನೋ, ಈಗಲೇ ಹೋಗೋದು ನಿಲ್ಲಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಒಬ್ಬರನ್ನು ನಂಬಲು ಕಲಿತ ನಾಯಿಗೆ ಇನ್ನೊಬ್ಬರನ್ನು ನಂಬುವುದು ಸುಲಭ. ಹೊಸ ಮನೆಯಲ್ಲಿ ಮೊದಲ ಕೆಲವು ದಿನ ಸಪ್ಪಗಿರಬಹುದು, ಊಟ ಬಿಡಬಹುದು. ಆಮೇಲೆ ಹೊಂದಿಕೊಳ್ಳುತ್ತದೆ. ಕೊರಗೋದು ನಾವೇ ಜಾಸ್ತಿ, ಅಲ್ವಾ?

ಆದರೆ ವಾರವಾರ ನೀವೊಬ್ಬರೇ ಹೋಗಬೇಡಿ. ಬೆಲ್ಟನ್ನು ಬೇರೆ ಸ್ವಯಂಸೇವಕರ ಕೈಗೂ ಕೊಡಿ. ವಯಸ್ಸಾದವರು, ಹೆಲ್ಮೆಟ್ ಹಾಕಿದವರು, ಎಲ್ಲರೂ ಅದಕ್ಕೆ ರೂಢಿಯಾಗಲಿ.

ಪ್ರೀತಿ ಉಕ್ಕಿದರೆ ಮೈಮೇಲೆ ಹಾರುತ್ತದೆ ಅಂದಿರಲ್ಲ, ಅದನ್ನು ಮಾತ್ರ ಈಗಲೇ ಬಿಡಿಸಿ. ಮಕ್ಕಳಿರುವ ಮನೆಯವರು ನೋಡಲು ಬಂದರೆ ಹೆದರುತ್ತಾರೆ. ಹಾರಿದಾಗ ಬೈಯಬೇಡಿ, ತಳ್ಳಲೂ ಬೇಡಿ, ಅದಕ್ಕೆ ಅದೂ ಆಟವೇ. ಸುಮ್ನೆ ಮುಖ ತಿರುಗಿಸಿ ನಿಲ್ಲಿ. ನಾಲ್ಕೂ ಕಾಲು ನೆಲಕ್ಕೆ ತಾಗಿದ ಕೂಡಲೇ ಮುದ್ದು ಮಾಡಿ. ಎಲ್ಲರೂ ಹೀಗೇ ಮಾಡಬೇಕು. ಒಬ್ಬರು ನಕ್ಕು ತಬ್ಬಿಕೊಂಡರೂ ಮತ್ತೆ ಮೊದಲಿಂದ ಶುರು!

ಕುಂದುವಾಡ ಕೆರೆ ಕಡೆ ಬೆಳಿಗ್ಗೆ ಜನ ಜಾಸ್ತಿ. ಮೊದಲು ಖಾಲಿ ರಸ್ತೆಯಲ್ಲಿ ಪಳಗಲಿ. ನಮ್ಮ ದಾವಣಗೆರೆ ಬಿಸಿಲು ಗೊತ್ತಲ್ಲ, ಬೇಸಿಗೆಯಲ್ಲಿ ಡಾಂಬರಿನ ಮೇಲೆ ಕೈಯ ಹಿಂಬದಿ 7 ಸೆಕೆಂಡ್ ಇಟ್ಟು ನೋಡಿ. ತಡೆಯಲಾಗದಿದ್ದರೆ ಅದರ ಪಾದವೂ ಸುಡುತ್ತದೆ. ಬೆಣ್ಣೆದೋಸೆಯ ಪಲ್ಯ ಕೊಡಬೇಡಿ, ಈರುಳ್ಳಿ ನಾಯಿಗೆ ವಿಷ.

ದತ್ತು ಹೋಗುವ ದಿನ ರೇಬೀಸ್ ಲಸಿಕೆಯ ಚೀಟಿ ಜೊತೆ ಅದು ಮಲಗುವ ಹಳೇ ಬಟ್ಟೆಯನ್ನೂ ಕಳಿಸಿ, ಒಗೆಯದೇ. ಗುರುತಿನ ವಾಸನೆ ಇದ್ದರೆ ಮೊದಲ ರಾತ್ರಿ ಸ್ವಲ್ಪ ಸಲೀಸು.