ಎಂಎಲ್‌ಟಿ ಮುಗಿಸಿದ ತಂಗಿಗೆ 15 ಸಾವಿರದ ಕೆಲಸ
ತಂಗಿ ಬಿಎಸ್‌ಸಿ ಎಂಎಲ್‌ಟಿ (ಮೆಡಿಕಲ್ ಲ್ಯಾಬ್ ಟೆಕ್ನಾಲಜಿ) ಮುಗಿಸಿದ್ದಾಳೆ, ಲ್ಯಾಬ್‌ನವರು 15 ಸಾವಿರ ಅಂತಿದ್ದಾರೆ, ಅವಳು ಸೇರಬೇಕಾ ಎಂಎಸ್‌ಸಿ ಮಾಡಬೇಕಾ ಎಂದು ಕೇಳಿದ್ದೀರಿ. ಸೇರಲಿ. ಆದರೆ ಯಾವ ಕೆಲಸ ಕೊಡುತ್ತಾರೆ ಅಂತ ಮೊದಲೇ ಕೇಳಿ. ನಾನು ಮೊದಲ ವರ್ಷ ಪೂರ್ತಿ ಬೆಳಗ್ಗೆ 6ಕ್ಕೇ ಹೋಗಿ ರಕ್ತ ತೆಗೆದು ಟ್ಯೂಬ್‌ಗೆ ಬಾರ್‌ಕೋಡ್ ಅಂಟಿಸಿದ್ದೇ ಬಂತು, ಮೆಷೀನ್ ಮುಟ್ಟಲೂ ಬಿಡಲಿಲ್ಲ, ಆ ವರ್ಷ ಸುಮ್ನೆ ಹೋಯಿತು. ಎನ್‌ಎಬಿಎಲ್ (ಲ್ಯಾಬ್‌ಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಮಂಡಳಿ) ಮಾನ್ಯತೆ ಇರುವ ಲ್ಯಾಬ್ ಆದರೆ ದಿನಾ ಕ್ಯೂಸಿ, ಅಂದರೆ ಮೆಷೀನ್ ಸರಿಯಾದ ಫಲಿತಾಂಶ ಕೊಡುತ್ತಿದೆಯಾ ಅನ್ನುವ ಪರೀಕ್ಷೆ ಓಡಿಸಿ, ಆ ಫಲಿತಾಂಶ ಗುರುತಿಸುವ ಲೆವಿ-ಜೆನ್ನಿಂಗ್ಸ್ ಚಾರ್ಟ್ ನೋಡಿ, ಅದರಲ್ಲಿನ ಚುಕ್ಕಿ ಮಿತಿಯ ಗೆರೆ ದಾಟಿದರೆ ರಿಪೋರ್ಟ್ ತಡೆದು ಕಾರಣ ಹುಡುಕುವುದನ್ನು ಕಲಿಯುತ್ತಾಳೆ. ಸಂಬಳ ಏರುವುದು ಅದರಿಂದಲೇ. ದುಬೈಗೆ ಹೋಗಬೇಕಾದರೂ ಬರೀ ಡಿಗ್ರಿ ಸಾಲದು, ಅನುಭವದ ಪತ್ರ, ಡೇಟಾಫ್ಲೋ ಪರಿಶೀಲನೆ (ಡಿಗ್ರಿ, ಅನುಭವದ ಪತ್ರ ಅಸಲಿಯೇ ಅಂತ ಆ ಕಂಪನಿ ಮಾಡುವ ತಪಾಸಣೆ) ಎಲ್ಲ ಬೇಕು. ಪಾಠ ಮಾಡುವ ಆಸೆ ಇದ್ದರೆ ಮಾತ್ರ ಈಗಲೇ ಎಂಎಸ್‌ಸಿ. ಮತ್ತೆ, ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಇಟ್ಟುಕೊಳ್ಳುತ್ತೇವೆ ಅನ್ನುವ ಕಡೆ ದಯವಿಟ್ಟು ಸೇರಿಸಬೇಡಿ.